ಕಾರ್ಡ್ ನಂಬರ್ ನೂರ ಹನ್ನೆರಡು

ಮಿತ್ರವೃಂದ ವಾಚನಾಲಯ, ನಂಜನಗೂಡು
12-1-1998

ಪ್ರೀತಿಯ ಚನ್ನಾಜಿ,

ಈ ಸಲ ಚೀಲದಲ್ಲಿ ಮೂರು ಪುಸ್ತಕ ಇಟ್ಟಿದ್ದೇನೆ. ನಿಯಮದ ಪ್ರಕಾರ ಎರಡೇ. ಮೂರನೆಯದು ನಿನ್ನ ಮಗಳು ಗಾನವಿಗೆ, ನಕ್ಷತ್ರಗಳ ಬಗ್ಗೆ, ತುಂಬ ಚಿತ್ರಗಳಿವೆ. ಪರೀಕ್ಷೆ ಮುಗಿಯುವ ತನಕ ಅವಳ ಕೈಗೆ ಕೊಡಬೇಡ. ಅಷ್ಟರೊಳಗೆ ನೀನು ಓದಿ ಮುಗಿಸಿರುತ್ತೀಯ ಬಿಡು.

ಈಗ ಸುದ್ದಿ ಕೇಳು. ನಮ್ಮ ವಾಚನಾಲಯಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಫೆಬ್ರವರಿ ಹದಿನೈದರ ಭಾನುವಾರ ಛತ್ರದಲ್ಲಿ ಸಮಾರಂಭ. ಅವತ್ತು ಅತ್ಯುತ್ತಮ ಓದುಗ ಎಂದು ಒಬ್ಬರಿಗೆ ಸನ್ಮಾನ ಮಾಡಬೇಕಂತೆ. ಲೆಡ್ಜರ್ ನೋಡಿ ಯಾರು ಹೆಚ್ಚು ಪುಸ್ತಕ ಒಯ್ದಿದ್ದಾರೆ ಹೇಳು ಎಂದು ಅಧ್ಯಕ್ಷರು ಗುರುಮಲ್ಲಪ್ಪನವರು ನನಗೆ ಹೇಳಿದರು. ಮೂರು ದಿನ ಕೂತು ನೋಡಿದೆ. ತಾಂಡ್ಯದ ಫ್ಯಾಕ್ಟರಿಯವರು ಷಿಫ್ಟ್ ಮುಗಿಸಿ ಬಂದು ಒಯ್ಯುವ ಪತ್ತೇದಾರಿ ಕಾದಂಬರಿ, ಮೇಷ್ಟರುಗಳು ಒಯ್ಯುವ ಚರಿತ್ರೆ, ಮಕ್ಕಳ ಚಿತ್ರದ ಪುಸ್ತಕ, ಎಲ್ಲ ಸೇರಿಸಿದರೂ ಒಬ್ಬರೂ ನಾನೂರು ದಾಟಲಿಲ್ಲ. ಕಾರ್ಡ್ ನಂಬರ್ ನೂರ ಹನ್ನೆರಡು ಮಾತ್ರ ಸಾವಿರದ ಮುನ್ನೂರು ದಾಟಿದೆ. ಕಾದಂಬರಿ, ಜೇನು ಸಾಕಣೆ, ಹಡಗಿನ ಪ್ರವಾಸ, ಮನೆಮದ್ದು, ಬಾವಿ ತೋಡುವ ವಿಧಾನ. ಬಾವಿ ತೋಡುವುದನ್ನು ಯಾಕೆ ಓದಿದೆ ತಾಯಿ?

ಕಾರ್ಡ್ ನಿಮ್ಮ ಯಜಮಾನರು ಮಹಾದೇವಸ್ವಾಮಿಯವರ ಹೆಸರಿನಲ್ಲಿದೆ. ಮನೆಗೊಂದೇ ಕಾರ್ಡ್, ಅದೂ ಯಜಮಾನರ ಹೆಸರಿಗೆ ಎಂಬುದು ಇಲ್ಲಿಯ ನಿಯಮ, ಎಂಬತ್ತನಾಲ್ಕರಲ್ಲಿ ಅವರ ಹೆಸರು ಬರೆದವಳು ನಾನೇ. ಆದರೆ ಓದಿದವರು ಯಾರು, ಪ್ರತಿ ಪುಸ್ತಕದೊಳಗೂ ಅಭಿಪ್ರಾಯದ ಚೀಟಿ ಬರೆದಿಟ್ಟವರು ಯಾರು ಎಂದು ನನಗೆ ಗೊತ್ತಿಲ್ಲವೇ? ಉಳಿದವರೆಲ್ಲ ಪುಸ್ತಕದ ಜೊತೆ ನಾವು ಕೊಡುವ ಆ ಅಚ್ಚಾದ ಚೀಟಿಯನ್ನು ಪುಟದ ಗುರುತಿಗೆ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಕಿವಿ ಕೆರೆಯುತ್ತಾರೆ. ಹೊಸ ಪುಸ್ತಕದ ಚೀಟಿಯನ್ನು ಒಂದು ತಿಂಗಳು ಬೋರ್ಡಿಗೆ ಹಾಕುವ ಪದ್ಧತಿ ಉಂಟಲ್ಲ, ಅಲ್ಲಿ ನಿಂತು ಜನ ನಗುತ್ತಾರೆ, ಈ ನೂರ ಹನ್ನೆರಡು ಯಾರು ಎಂದು ಕೇಳುತ್ತಾರೆ. ನಿನ್ನ ಅಷ್ಟೂ ಚೀಟಿಗಳು ನನ್ನ ಮೇಜಿನ ಬಿಸ್ಕತ್ ಡಬ್ಬದಲ್ಲಿವೆ.

ಅಧ್ಯಕ್ಷರಿಗೆ ನಾಳೆಯೇ ಹೇಳುತ್ತೇನೆ. ಚೀಲ ಎಂದಿನಂತೆ ಕಂಡಕ್ಟರ್ ನಂಜುಂಡನ ಕೈಯಲ್ಲಿ ನಿಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬರುತ್ತದೆ.

ನಿನ್ನ
ಸುನೀತಾ


ತಿ. ನರಸೀಪುರ
20-1-1998

ಸುನೀತಾ,

ನಿನ್ನ ಕಾಗದ ಓದುತ್ತಾ ಸಾರು ಉಕ್ಕಿಸಿದೆ. ಒಲೆ ಒರೆಸುತ್ತಾ ಇನ್ನೊಂದು ಸಲ ಓದಿದೆ.

ಬಾವಿಯ ಪುಸ್ತಕ ಯಾಕೆ ಓದಿದೆ ಎಂದರೆ ಆ ವಾರ ನೀನು ಕಳಿಸಿದ್ದೇ ಅದು. ಓದಿದ ಮೇಲೆ ಹೆಮ್ಮರಗಾಲದ ನಮ್ಮ ತವರಿನ ಬಾವಿ ಯಾಕೆ ಕುಸಿಯಿತು ಎಂದು ಇಪ್ಪತ್ತು ವರ್ಷದ ಮೇಲೆ ನನಗೆ ತಿಳಿಯಿತು. ಅಪ್ಪನಿಗೆ ಹೇಳಿದೆ. “ನೀ ಏಳ್ದೆ ಅಂತ ಬಾವಿ ಮ್ಯಾಕ್ಕೆದ್ದು ಬಂದದಾ” ಅಂದರು.

ಒಂದು ಮಾತು ಹೇಳುತ್ತೇನೆ, ನಗಬೇಡ. ಈ ಊರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಪೈಪಿನ ಅಂಗಡಿಯವರ ಮನೆಯವರು, ಗಾನವಿ ಅಮ್ಮ, ಅಷ್ಟೇ. ಲಗ್ನಪತ್ರಿಕೆ ಕೊಡಲು ಬಂದವರು ಮೇಲೆ ಇವರ ಹೆಸರು ಬರೆದು ಕೆಳಗೆ ‘ಮತ್ತು ಮನೆಯವರು’ ಎಂದು ಬರೆಯುತ್ತಾರೆ. ನಂಜನಗೂಡಿನ ಕಾಲೇಜಿನಲ್ಲಿ ನೀನೂ ನಾನೂ ಒಂದೇ ಬೆಂಚಿನಲ್ಲಿ ಕೂತಿದ್ದಾಗ ಹಾಜರಿ ಕರೆಯುತ್ತಿದ್ದರಲ್ಲ, ಅದೇ ಕೊನೆ, ನನ್ನ ಹೆಸರನ್ನು ನಾಲ್ಕು ಜನರ ಮುಂದೆ ಯಾರಾದರೂ ಗಟ್ಟಿಯಾಗಿ ಕರೆದದ್ದು.

ನಿನ್ನ ಚೀಟಿಯಲ್ಲಿ ‘ಓದಿದವರ ಹೆಸರು’ ಎಂಬ ಜಾಗ ಇದೆ. ಅಲ್ಲಿ ನಾನು ಒಂದು ಸಲವೂ ಏನೂ ಬರೆಯಲಿಲ್ಲ, ಗಮನಿಸಿದ್ದೀಯಾ? ಕಾರ್ಡ್ ಇವರದು, ನನ್ನ ಹೆಸರು ಬರೆದರೆ ಸುಳ್ಳಾಗುತ್ತದೆ. ಇವರ ಹೆಸರು ಬರೆಯೋಣವೆಂದರೆ ನಮ್ಮ ಅತ್ತೆ ಬದುಕಿದ್ದಾಗ ಕಟ್ಟಪ್ಪಣೆ ಮಾಡಿದ್ದರು. “ಗಂಡನ್ ಎಸ್ರ ಬಾಯಲ್ಲಿ ಅನ್ನಬಾರ್ದು ಅಂದ್ಮೇಲೆ ಕೈಯಲ್ಲಿ ಬರದ್ರೆ ಮಾತ್ರ ಆದದಾ? ಕೈಗೆ ಕೇಡು.” ಇವತ್ತಿನವರೆಗೂ ಎಲ್ಲಿಯೂ ಬರೆದಿಲ್ಲ. ಅದಕ್ಕೇ ಬರೀ ನೂರ ಹನ್ನೆರಡು.

ಸನ್ಮಾನಪತ್ರದಲ್ಲಿ ಶ್ರೀಮತಿ, ಕೋಂ ಇಂಥವರು ಎಂದೆಲ್ಲ ಬೇಡ. ಚನ್ನಾಜಮ್ಮ ಎಂದಷ್ಟೇ ಬರೆಸು. ಅದನ್ನು ಮೈಕಿನಲ್ಲಿ ಒಂದು ಸಲ ಕೇಳಬೇಕು. ಶಾಲು, ಹಾರ, ಹಣ್ಣಿನ ತಟ್ಟೆ ಯಾವುದೂ ಬೇಡ ಬೇಕಾದರೆ.

ಇವರಿಗೆ ಇನ್ನೂ ಹೇಳಿಲ್ಲ. ಅಧ್ಯಕ್ಷರಿಂದಲೇ ಕಾಗದ ಬರಲಿ. ತವರಿನವರು ಕೊಟ್ಟ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದ್ದೇನೆ.

ನಿನ್ನ
ಚನ್ನಾಜಿ


ತಿ. ನರಸೀಪುರ
17-2-1998

ಸುನೀತಾ,

ಇದನ್ನು ಚೀಲದಲ್ಲಿ ಕಳಿಸುತ್ತಿಲ್ಲ. ಚೀಲ ಅಂಗಡಿಯ ಮೇಲೆ ಹೋಗುತ್ತದೆ. ಅಂಚೆಗೆ ಹಾಕುತ್ತಿದ್ದೇನೆ, ನೀನೂ ಇನ್ನು ಅಂಚೆಯಲ್ಲೇ ಬರಿ.

ಹಸಿರು ಸೀರೆ ಉಟ್ಟುಕೊಂಡು ಹೆಂಗಸರ ಸಾಲಿನಲ್ಲಿ ಮೂರನೆಯ ಕುರ್ಚಿಯಲ್ಲಿ ಕೂತಿದ್ದೆ. ನೀನು ನೋಡಿದೆ. ನೋಡಿ ತಲೆ ತಗ್ಗಿಸಿದೆ. ಆಗಲೇ ನನಗೆ ಅರ್ಥವಾಗಬೇಕಿತ್ತು. ಅಧ್ಯಕ್ಷರು ಇವರ ಹೆಸರು ಕರೆದಾಗ ನಾನು ಹುಚ್ಚಿ, ಮೊದಲು ಯಜಮಾನರನ್ನು ಕರೆದು ಆಮೇಲೆ ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು ಅರ್ಧ ಎದ್ದೂ ಬಿಟ್ಟೆ. ಪಕ್ಕದವಳು “ಕೂತ್ಕಳಿ, ಇಂದ್ಲೋರ್ಗೆ ಕಾಣಕ್ಕಿಲ್ಲ” ಅಂದಳು. ಕೂತೆ.

ಆಮೇಲೆ ನೀನು ಮೈಕಿನ ಮುಂದೆ ಬಂದು ಸನ್ಮಾನಪತ್ರ ಓದಿದೆ. “ಈ ಕಾದಂಬರಿಯ ನಾಯಕಿ ಇನ್ನೂರು ಪುಟ ಅಳುತ್ತಾಳೆ, ಒಲೆ ಹಚ್ಚುವುದು ಎಲ್ಲೂ ಇಲ್ಲ, ಆ ಮನೆಯವರು ಏನು ಉಂಡರು?” ಎಂದು ಕೇಳಿದ ತೀಕ್ಷ್ಣಮತಿ ಎಂದು ಇವರನ್ನು ಹೊಗಳಿದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ಅದು ಗಾನವಿಗೆ ಜ್ವರ ಬಂದಿದ್ದಾಗ ಒಂದು ಕೈಯಲ್ಲಿ ಅವಳ ಹಣೆಯ ಬಟ್ಟೆ ಬದಲಾಯಿಸುತ್ತಾ ಇನ್ನೊಂದು ಕೈಯಲ್ಲಿ ಬರೆದದ್ದು. ಆನೆಮರಿಯ ಕಥೆಯನ್ನು ಮಕ್ಕಳ ಕಪಾಟಿನಿಂದ ತೆಗೆದು ತಾಯಂದಿರ ಕಪಾಟಿನಲ್ಲಿಡಿ ಎಂದದ್ದೂ ಇವರಂತೆ. ಇವರು ಯಾವತ್ತು ತಾಯಿಯಾದರು?

ಶಾಲು ಹೊದ್ದು ಇವರು ಏನೆಂದರು ಕೇಳಿದೆಯಲ್ಲ. “ಏನೋ, ಅಂಗ್ಡೀಲಿ ಬುಡುವಾದಾಗ ನಾಕಕ್ಷರ ಓದ್ಕತೀನಿ, ಅಷ್ಟೇಯ.” ಹದಿನಾಲ್ಕು ವರ್ಷದಿಂದ ಬಸ್‌ಸ್ಟ್ಯಾಂಡಿನವರೆಲ್ಲ ಪುಸ್ತಕದ ಚೀಲವನ್ನು ಇವರ ಕೈಯಲ್ಲೇ ನೋಡಿದ್ದಾರೆ, ಅವರು ನಂಬಿದರು. ನೀನು ಯಾಕೆ ಓದಿದೆ?

ವಾಪಸ್ ಬರುವಾಗ ಬಸ್ಸಿನಲ್ಲಿ ಶಾಲನ್ನು ನನ್ನ ಮಡಿಲಿಗೆ ಹಾಕಿ, “ನಂದ್ ಬೇರೆ ನಿಂದ್ ಬೇರೆನಾ ಅಮ್ಮಿ, ಇಬ್ರದೂ ಒಂದೇ ತಾನೇ” ಅಂದರು. ಕೈ ಎತ್ತುವವರಲ್ಲ, ಕುಡಿಯುವವರಲ್ಲ. ನಾಲ್ಕು ಮಾತು ಬೈಯೋಣ ಎಂದರೂ ಯಾವ ಬೈಗುಳವೂ ಇವರಿಗೆ ಹೊಂದುವುದಿಲ್ಲ.

ಚನ್ನಾಜಮ್ಮ


ನಂಜನಗೂಡು
2-3-1998

ಚನ್ನಾಜಿ,

ನೀನು ಬೈದದ್ದೆಲ್ಲ ಸರಿ.

ಜನವರಿ ಹದಿಮೂರಕ್ಕೇ ಅಧ್ಯಕ್ಷರಿಗೆ ಹೇಳಿದ್ದೆ. “ಕಾರ್ಡ್ ಯಾರ್ ಎಸ್ರಲ್ಲದೆ?” ಎಂದರು. ಹೇಳಿದೆ. “ಮತ್ತಿನ್ನೇನು? ಆಯಮ್ಮನ ಕರ್ದು ಶಾಲು ಹೊದಿಸಿದ್ರೆ ಆಯಪ್ಪ ಮುಖ ಎಲ್ಲಿಟ್ಕಳದು” ಎಂದರು. ಅವರಿಂದ ಸನ್ಮಾನದ ಸುದ್ದಿ ತಿಳಿದು ಆ ವಾರವೇ ನಿಮ್ಮ ಯಜಮಾನರು ನಾಲ್ಕು ಸ್ಟೀಲ್ ಬೀರು ಕೊಡಿಸುತ್ತೇನೆಂದು ಹೇಳಿ ಕಳಿಸಿದರು. ಮಕ್ಕಳ ಪುಸ್ತಕದ ಕಪಾಟು ಗೆದ್ದಲು ಹಿಡಿದು ಮೂರು ತಿಂಗಳಾಗಿತ್ತು. ಒಂದೊಂದು ಪುಸ್ತಕ ಎತ್ತಿದರೂ ಪುಡಿ ಉದುರುತ್ತಿತ್ತು. ನಾನು ಸುಮ್ಮನಾದೆ.

ಇಲ್ಲಿ ಹದಿನಾರು ವರ್ಷದಿಂದ ಇದ್ದರೂ ನಾನು ಕಾಯಂ ಅಲ್ಲ. ಪ್ರತಿ ಯುಗಾದಿಗೆ ಸಮಿತಿಯವರು ‘ಮುಂದುವರಿಸಿದೆ’ ಎಂದು ಬರೆಯಬೇಕು. ಮನೆಯಲ್ಲಿ ಅಮ್ಮ ಇದ್ದಾಳೆ. ನಿನಗೆ ಗಂಡನ ಮನೆಯೊಂದಿದೆ, ನನಗೆ ಈ ಮೇಜು ಮತ್ತು ಕುರ್ಚಿ. ಕಾರಣ ಹೇಳುತ್ತಿದ್ದೇನೆ ಅಷ್ಟೆ, ಸರಿ ಮಾಡಿದೆ ಎನ್ನುತ್ತಿಲ್ಲ.

ಸನ್ಮಾನಪತ್ರ ಬರೆಯಲು ಕೂತಾಗ ನಿಮ್ಮ ಯಜಮಾನರ ಬಗ್ಗೆ ಒಂದು ಸಾಲೂ ಹೊಳೆಯಲಿಲ್ಲ. ಡಬ್ಬ ತೆಗೆದೆ. ನಿನ್ನ ಹೆಸರು ಹೇಳಲಾಗದಿದ್ದರೆ ನಿನ್ನ ಮಾತಾದರೂ ಮೈಕಿನಲ್ಲಿ ಕೇಳಲಿ ಎನಿಸಿತು. ಕೂತಲ್ಲಿಂದ ಕೇಳಿ ನಿನಗೆ ಒಳಗೊಳಗೇ ಸಂತೋಷವಾಗಬಹುದು ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ, ನಂಬು. ಎಂಥ ದಡ್ಡಿ ನಾನು.

ಚೀಲ ಕಳಿಸುತ್ತಿದ್ದೇನೆ. ಮಂಜುಗಡ್ಡೆಯ ದೇಶಕ್ಕೆ ಹೋಗಿ ದಾರಿ ತಪ್ಪಿದವರ ಕಥೆ ಒಂದಿದೆ. ನಿನಗೆ ಹಿಡಿಸುತ್ತದೆ.

ಸುನೀತಾ


ತಿ. ನರಸೀಪುರ
9-9-1998

ಸುನೀತಾ,

ಪುಸ್ತಕ ವಾಪಸ್ ಬರುತ್ತಿದೆ, ಚೀಟಿ ಖಾಲಿ ಬರುತ್ತಿದೆ ಎಂದು ಮೂರು ಕಾಗದದಲ್ಲಿ ಕೇಳಿದ್ದೀಯ. ಇಲ್ಲಿ ಬರೆಯುವ ಕೆಲಸ ಬೇರೆ ಶುರುವಾಗಿದೆ, ಅದಕ್ಕೆ.

ಸನ್ಮಾನವಾದ ಮೇಲೆ ಇವರನ್ನು ಹೈಸ್ಕೂಲಿಗೆ ಕರೆದರು. “ನಾಳಿಕ್ ಭಾಷಣ ಅದೆ ಕಣಮ್ಮಿ, ಓದದ್ರಿಂದ ಏನ್ ಉಪ್ಯೋಗ ಅಂತ ಒಂದೆರಡ್ ಪುಟ ಬರ್ಕೊಡು” ಅಂದರು. ಆಗಲ್ಲ ಅನ್ನಬೇಕಿತ್ತು. ಬರೆದುಕೊಟ್ಟೆ. ನಾನು ಬರೆದದ್ದನ್ನು ನಾಲ್ಕು ಮಕ್ಕಳು ಕೇಳುತ್ತವಲ್ಲ ಎಂಬ ಆಸೆ. ನಿನ್ನನ್ನು ದಡ್ಡಿ ಎನ್ನಲು ನನಗೆ ಬಾಯಿಲ್ಲ.

ಈಗ ವರ್ತಕರ ಸಂಘ, ಮಠದ ಹಾಸ್ಟೆಲ್ಲು, ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡುತ್ತಾರೆ. ಕಷ್ಟದ ಪದ ಬಂದರೆ ಅಡುಗೆಮನೆಗೆ ಬಂದು ಕೇಳುತ್ತಾರೆ. ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಆ ಮಾತನ್ನೇ ನನಗೆ ಹೇಳುತ್ತಾರೆ ಸುನೀತಾ, ಈಗ ತಾನೇ ಹೊಳೆಯಿತು ಎನ್ನುವ ಹಾಗೆ. ನಾನು ಹೂಂ ಎನ್ನುತ್ತಾ ಮಜ್ಜಿಗೆ ಬಡಿಸುತ್ತೇನೆ. ಗಾನವಿಗೆ ಎಲ್ಲ ಗೊತ್ತು. “ಬುಡಮ್ಮ, ಅಪ್ಪ ಕುಸಿಯಾಗವ್ರೆ” ಅನ್ನುತ್ತಾಳೆ. ಹದಿನೈದು ವರ್ಷದ ಹುಡುಗಿ, ಈಗಲೇ ಹೇಗೆ ಕಲಿತಳು ನೋಡು.

ನನಗೆ ನನ್ನದೇ ಕಾರ್ಡ್ ಬೇಕು. ಅರ್ಜಿ ಜೊತೆಗಿಟ್ಟಿದ್ದೇನೆ. ಉದ್ಯೋಗ ಎಂಬ ಜಾಗದಲ್ಲಿ ‘ಓದುವುದು’ ಎಂದು ಬರೆದು, ಹೊಡೆದುಹಾಕಿ, ‘ಮನೆಗೆಲಸ’ ಎಂದು ಬರೆದಿದ್ದೇನೆ. ನಿನ್ನ ನಿಯಮ ನನಗೆ ಗೊತ್ತು. ಆದರೂ ಸಭೆಯ ಮುಂದೆ ಇಡು. ಸನ್ಮಾನದ ದಿನ ಆಗದಿದ್ದದ್ದನ್ನು ಇದರಲ್ಲಾದರೂ ಮಾಡು.

ಚನ್ನಾಜಿ


ನಂಜನಗೂಡು
26-10-1998

ಚನ್ನಾಜಿ,

ನಿಮ್ಮ ಯಜಮಾನರು ನಿನಗೆ ಹೇಳಿದರೋ ಇಲ್ಲವೋ, ಬೀರುಗಳು ಬಂದ ಮೇಲೆ ಅವರನ್ನೂ ಸಮಿತಿಗೆ ಸೇರಿಸಿಕೊಂಡಿದ್ದಾರೆ. ಮೊನ್ನೆಯ ಸಭೆಯಲ್ಲಿ ಅವರೂ ಇದ್ದರು. ನಿನ್ನ ಅರ್ಜಿಯನ್ನು ನಾನೇ ಓದಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಅವರ ಕಡೆ ತಿರುಗಿ, “ಇದು ನಿಮ್ಮನೆ ಇಚಾರ, ನೀವೇ ಹೇಳ್ಬುಡಿ” ಎಂದರು. ನಿಮ್ಮ ಯಜಮಾನರು ನಕ್ಕರು. “ಒಂದ್ ಮನೆಗೆ ಎರಡ್ ಕಾರ್ಡ್ ಯಾಕೆ ಸಾ? ನನ್ ಕಾರ್ಡಲ್ಲೇ ಓದ್ಕಳ್ಳಿ. ನಾನೇನ್ ಬ್ಯಾಡ ಅಂದೀನಾ?” ಎಂದರು. ಎಲ್ಲರೂ ತಲೆದೂಗಿದರು. ಹೆಂಡತಿಗೆ ಇಷ್ಟು ಓದಲು ಬಿಡುವವರು ಎಷ್ಟು ಜನ ಇದ್ದಾರೆ ಎಂದು ಒಬ್ಬರು ಹೇಳಿದರು. ಕಾಫಿ ಬಂತು.

ನಡವಳಿ ಪುಸ್ತಕದಲ್ಲಿ ‘ಚನ್ನಾಜಮ್ಮ ಎಂಬುವರ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದು ಬರೆದವಳೂ ನಾನೇ. ನಿನ್ನ ಹೆಸರಷ್ಟೇ ಬರೆದು ಪೆನ್ನು ಕೆಳಗಿಟ್ಟಿದ್ದೆ. ಅಧ್ಯಕ್ಷರು ನೋಡಿದರು. ಬರೆದೆ.

ಸುನೀತಾ


ತಿ. ನರಸೀಪುರ
5-11-1998

ಸುನೀತಾ,

ಅಂತೂ ನನ್ನ ಹೆಸರು ನಿಮ್ಮ ವಾಚನಾಲಯದ ಪುಸ್ತಕದಲ್ಲಿ ಬಂತು.

ಇವರು ಸಭೆಯಿಂದ ಬಂದವರು ಅರ್ಜಿಯ ವಿಷಯ ಎತ್ತಲೇ ಇಲ್ಲ. ಮೈಸೂರ್ ಪಾಕ್ ತಂದಿದ್ದರು. ನನಗೆ ಇಷ್ಟ ಎಂದು ಅವರಿಗೆ ನೆನಪಿದೆ.

ನನ್ನ ಚೀಟಿಗಳನ್ನೆಲ್ಲ ವಾಪಸ್ ಕಳಿಸು. ಡಬ್ಬ ಸಮೇತ, ಅಂಚೆಯಲ್ಲಿ. ಬೇರೇನೂ ಕೇಳುವುದಿಲ್ಲ. ಅಷ್ಟು ವರ್ಷ ನಾನು ಬದುಕಿದ್ದೆ ಎಂಬುದಕ್ಕೆ ಇರುವುದು ಅದೊಂದೇ.

ಚನ್ನಾಜಮ್ಮ


ನಂಜನಗೂಡು
14-1-1999

ಚನ್ನಾಜಿ,

ಹೇಗೆ ಬರೆಯಲಿ ಎಂದು ಎರಡು ತಿಂಗಳು ತಳ್ಳಿದೆ. ಡಬ್ಬ ಈಗ ನನ್ನ ಹತ್ತಿರ ಇಲ್ಲ.

ನಿನ್ನ ಕಾಗದ ಬಂದ ಮೇಲೂ ಒಂದು ತಿಂಗಳು ನನ್ನ ಮೇಜಿನ ಮೇಲೆಯೇ ಇತ್ತು. ನಾಳೆ ಕಳಿಸೋಣ, ಇನ್ನೊಂದು ಸಲ ಓದಿ ಕಳಿಸೋಣ ಎಂದು ಇಟ್ಟುಕೊಂಡೆ. ಮಧ್ಯಾಹ್ನ ಇಲ್ಲಿ ಯಾರೂ ಇರುವುದಿಲ್ಲ. ಹದಿನಾಲ್ಕು ವರ್ಷ ನನ್ನ ಜೊತೆ ಮಾತಾಡಿದ್ದು ಆ ಚೀಟಿಗಳೇ. ಕೊಟ್ಟುಬಿಟ್ಟರೆ ನನಗೆ ಏನು ಉಳಿಯುತ್ತದೆ ಎನಿಸಿತು. ಅಷ್ಟರಲ್ಲಿ ಡಿಸೆಂಬರಿನಲ್ಲಿ ಅಧ್ಯಕ್ಷರೂ ನಿಮ್ಮ ಯಜಮಾನರೂ ಬಂದು ಕೂತರು. ಚೀಟಿಗಳನ್ನೆಲ್ಲ ಸೇರಿಸಿ ವಾಚನಾಲಯದಿಂದ ಒಂದು ಪುಸ್ತಕ ತರುತ್ತಾರಂತೆ, ಅವರ ಹೆಸರಿನಲ್ಲಿ. ಚೀಟಿಯ ಮೇಲೆ ಓದಿದವರ ಹೆಸರಿಲ್ಲ, ಕಾರ್ಡಿನ ನಂಬರಿದೆ, ಕಾರ್ಡ್ ಅವರದು. ಅಧ್ಯಕ್ಷರು ಡಬ್ಬ ಎತ್ತಿ ಅವರ ಕೈಗೆ ಕೊಟ್ಟರು. ಅದು ಅವಳದು ಎಂದು ನಾನು ಒಂದು ಸಲ ಹೇಳಿದೆ, ದೇವರಾಣೆ. ನಿಮ್ಮ ಯಜಮಾನರು, “ಅವಳ್ದಾದ್ರೇನು ನಂದಾದ್ರೇನು ಮೇಡಮ್ಮೋರೆ” ಎಂದು ನಕ್ಕರು.

ಮುಚ್ಚಿಡಬಾರದು, ಇನ್ನೊಂದು ಹೇಳುತ್ತೇನೆ. ಅವರು ಸ್ವಲ್ಪ ಸ್ವಲ್ಪವಾಗಿ ಕಳಿಸಿಕೊಡುವ ಚೀಟಿಗಳನ್ನು ಹಾಳೆಗೆ ಇಳಿಸಿ ಅಚ್ಚಿಗೆ ಸಿದ್ಧ ಮಾಡುವ ಕೆಲಸ ನನಗೇ ಒಪ್ಪಿಸಿದ್ದಾರೆ. ನಿನ್ನ ಅಕ್ಷರ ಬೇರೆಯವರಿಗೆ ತಿಳಿಯುವುದಿಲ್ಲವಂತೆ. ಒಪ್ಪಿಕೊಂಡಿದ್ದೇನೆ.

ಸುನೀತಾ


ತಿ. ನರಸೀಪುರ
20-1-1999

ಸುನೀತಾ,

ಚೀಲ ಒಗೆದು ಮಡಚಿ ಕಳಿಸಿದ್ದೇನೆ. ಜೊತೆಗಿರುವ ಎರಡು ಪುಸ್ತಕ ಓದಿಲ್ಲ. ಇನ್ನು ಕಳಿಸಬೇಡ.

ಹಾಳೆಗೆ ಇಳಿಸುವಾಗ ಒಂದು ಉಪಕಾರ ಮಾಡು. ನನ್ನ ತಪ್ಪುಗಳನ್ನು ತಿದ್ದಬೇಡ.

ಚ.


ನಂಜನಗೂಡು
11-6-2000

ಚನ್ನಾಜಿ,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಒಂದೂವರೆ ವರ್ಷದಲ್ಲಿ ನಿನಗೆ ಕಳಿಸಬೇಕು ಎನಿಸಿದ ಪುಸ್ತಕಗಳನ್ನೆಲ್ಲ ಒಂದು ಕಡೆ ತೆಗೆದಿಡುತ್ತಾ ಬಂದಿದ್ದೇನೆ. ಒಂದು ಅಡ್ಡ ಹಲಗೆ ತುಂಬಿದೆ.

ಹೋದ ತಿಂಗಳು ‘ಓದುಗನ ಚೀಟಿಗಳು’ ಬಿಡುಗಡೆಯಾಯಿತು. ನಿನಗೆ ಮೈ ಸರಿಯಿಲ್ಲ ಎಂದು ನಿಮ್ಮ ಯಜಮಾನರು ಹೇಳಿದರು. ನಿನ್ನ ಒಂದು ಕೊಂಬನ್ನೂ ನಾನು ತಿದ್ದಲಿಲ್ಲ. ಮೊದಲ ಪುಟದ ಅರ್ಪಣೆ ಮಾತ್ರ ಅಧ್ಯಕ್ಷರು ಬರೆದದ್ದು. ‘ನನ್ನ ಓದಿಗೆ ಎಂದೂ ಅಡ್ಡಿ ಬಾರದ ನಮ್ಮ ಮನೆಯವರಿಗೆ.’ ಅದನ್ನು ಅಚ್ಚಿಗೆ ಕೊಡುವಾಗ ಲಗ್ನಪತ್ರಿಕೆಯ ಬಗ್ಗೆ ನೀನು ಬರೆದ ಹಳೆಯ ಕಾಗದ ನೆನಪಾಯಿತು. ಆದರೂ ಕೊಟ್ಟೆ.

ನಾನು ಒಂದು ಕೆಲಸ ಮಾಡಿದ್ದೇನೆ. ಹೊಸ ಪುಸ್ತಕ ಬಂದರೆ ಅದಕ್ಕೊಂದು ಸೂಚಿ ಕಾರ್ಡ್ ಬರೆದು ಡ್ರಾಯರಿನಲ್ಲಿ ಇಡುತ್ತೇವಲ್ಲ, ಆ ಕಾರ್ಡಿನಲ್ಲಿ ‘ಬರೆದವರು’ ಎಂಬ ಕಡೆ ಚನ್ನಾಜಮ್ಮ ಎಂದು ಬರೆದಿದ್ದೇನೆ. ಯಾರಿಗೂ ಹೇಳಿಲ್ಲ. ವಾಚನಾಲಯ ಇರುವಷ್ಟು ದಿನ ಅದು ಅಲ್ಲಿರುತ್ತದೆ.

ಅಮ್ಮನ ಕಣ್ಣಿನ ಆಪರೇಷನ್‌ಗೆ ಈ ತಿಂಗಳ ಇಪ್ಪತ್ತೆಂಟರಿಂದ ನಾಲ್ಕು ದಿನ ಮೈಸೂರಿನಲ್ಲಿರುತ್ತೇನೆ. ಆ ದಿನಗಳಲ್ಲಿ ರಿಟೈರಾದ ಗುಮಾಸ್ತರು ಶಂಭುಲಿಂಗಪ್ಪನವರು ಬಂದು ಕೂರುತ್ತಾರೆ. ಅದಾದ ಮೇಲೆ ಒಂದು ದಿನ ಬಾ. ಬಂದು ಕಣ್ಣಾರೆ ನೋಡು. ಎದುರಿಗೆ ನಿಂತು ಬಯ್ಯಿ. ಕೇಳಿಸಿಕೊಳ್ಳುತ್ತೇನೆ.

ನಿನ್ನ
ಸುನೀತಾ


ತಿ. ನರಸೀಪುರ
30-6-2000

ಸುನೀತಾ,

ಬಂದಿದ್ದೆ. ಬುಧವಾರ, ನೀನು ಇಲ್ಲದ ದಿನ ನೋಡಿಯೇ ಬಂದೆ. ಅಮ್ಮನಿಗೆ ಕಣ್ಣು ಚೆನ್ನಾಗಿ ಕಾಣಲಿ.

ನಂಜುಂಡನ ಬಸ್ಸು ವಾಪಸ್ ನಂಜನಗೂಡಿಗೆ ಹೊರಡುವಾಗ ಹತ್ತಿದೆ. “ಏನಕ್ಕ, ಚೀಲ ಕಳ್ಸದೇ ಬುಟ್ರಲ್ಲ” ಅಂದ. ಇವತ್ತು ಚೀಲದ ಬದಲು ನಾನೇ ಹೋಗುತ್ತಿದ್ದೇನೆ ಅಂದೆ. ಬಸ್ಸು ಅಂಗಡಿಯ ಮುಂದೆಯೇ ಹೋಯಿತು. ಇವರು ಯಾರಿಗೋ ಪೈಪು ಅಳೆದುಕೊಡುತ್ತಿದ್ದರು, ತಲೆ ಎತ್ತಲಿಲ್ಲ.

ಹದಿನೈದು ವರ್ಷ ನಿನ್ನ ಪುಸ್ತಕ ಓದಿದ್ದೇನೆ, ವಾಚನಾಲಯದ ಒಳಗೆ ಕಾಲಿಟ್ಟದ್ದು ಇದೇ ಮೊದಲು. ನಾನು ಇನ್ನೂ ದೊಡ್ಡದಿರಬಹುದು ಎಂದುಕೊಂಡಿದ್ದೆ. ನಾಲ್ಕು ಬೀರುವಿನ ಮೇಲೂ ದಾನಿಗಳೆಂದು ಇವರ ಹೆಸರು ಕೆಂಪು ಬಣ್ಣದಲ್ಲಿದೆ. ಮಕ್ಕಳ ಪುಸ್ತಕಗಳಿಗೆ ಈಗ ಗೆದ್ದಲಿಲ್ಲ, ಆ ಮಟ್ಟಿಗೆ ನೀನು ಹೇಳಿದ್ದು ನಿಜ. ಆನೆಮರಿಯ ಕಥೆ ಇನ್ನೂ ಮಕ್ಕಳ ಬೀರುವಿನಲ್ಲೇ ಇದೆ.

ಶಂಭುಲಿಂಗಪ್ಪನವರು “ಕಾರ್ಡ್ ಅದಾ ತಾಯಿ?” ಅಂದರು. ಇಲ್ಲ ಅಂದೆ. “ಮನೆಗ್ ಕೊಡಕ್ಕಾಗಲ್ಲ. ಇಲ್ಲೇ ಕೂತು ಓದದಾದ್ರೆ ಕಾರ್ಡ್ ಬ್ಯಾಡ, ಹಾಜರಿ ಪುಸ್ತಕದಲ್ಲಿ ನಿಮ್ ಹೆಸ್ರು ಬರೀರಿ ಸಾಕು” ಅಂದರು. ಎಷ್ಟು ಸಲೀಸಾಗಿ ಅಂದರು ಸುನೀತಾ. ಕಾರ್ಡಿಲ್ಲದೆ ಬರಬಹುದು, ಬಂದು ಹೆಸರು ಬರೆದು ಕೂರಬಹುದು ಎಂದು ಇಷ್ಟು ವರ್ಷದಲ್ಲಿ ಒಂದು ಸಲ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಚೀಲ ಬರುತ್ತಿತ್ತಲ್ಲ, ಇಬ್ಬರಿಗೂ ಅದೇ ಸಾಕಾಗಿತ್ತು.

ಹೆಸರು ಬರೆದು ಕೂತೆ. ಸೂಚಿಯ ಡ್ರಾಯರ್ ತೆಗೆದು ನೋಡಿದೆ. ಬರೆದಿದ್ದೀಯ, ನಿಜ. ಪೆನ್ಸಿಲ್ಲಿನಲ್ಲಿ ಬರೆದಿದ್ದೀಯ. ಹಿಂದೆ ಮುಂದೆ ಇರುವ ಕಾರ್ಡುಗಳೆಲ್ಲ ಶಾಯಿಯಲ್ಲಿವೆ. ಅಧ್ಯಕ್ಷರು ಡ್ರಾಯರಿಗೆ ಕೈ ಹಾಕಿದರೆ ತಕ್ಷಣ ಅಳಿಸಲಿಕ್ಕೆ ತಾನೇ? ನಿನಗೆ ಆ ಕಷ್ಟ ಬೇಡ ಎಂದು ನಾನೇ ಅಳಿಸಿದೆ. ರಬ್ಬರು ನಿನ್ನ ಮೇಜಿನ ಮೇಲೆಯೇ ಇತ್ತು.

ಆಮೇಲೆ ಆ ಪುಸ್ತಕ ಕೇಳಿ ತೆಗೆಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿದೆ. ನೀನು ತಪ್ಪು ತಿದ್ದಿಲ್ಲ, ಅದಕ್ಕೊಂದು ನಮಸ್ಕಾರ. ಓದುವಾಗ ಒಂದೊಂದು ಪುಟಕ್ಕೂ ಆ ದಿನ ಮನೆಯಲ್ಲಿ ಏನಾಗಿತ್ತು ಎಂದು ನೆನಪಾಗುತ್ತಿತ್ತು. ಅತ್ತೆ ಹಾಸಿಗೆ ಹಿಡಿದದ್ದು, ಗಾನವಿ ನಡೆಯಲು ಕಲಿತದ್ದು, ಎರಡನೆಯದು ಹೊಟ್ಟೆಯಲ್ಲೇ ಹೋದದ್ದು. ಅದಾದ ವಾರ ಜೇನು ಸಾಕಣೆಯ ಪುಸ್ತಕ ಓದಿದ್ದೆ. ಅದರ ಚೀಟಿ ಎಪ್ಪತ್ತೊಂದನೆಯ ಪುಟದಲ್ಲಿ ಅಚ್ಚಾಗಿದೆ. ಅತ್ತುಬಿಟ್ಟೆ. ನಿನ್ನ ವಾಚನಾಲಯದಲ್ಲಿ ಹೆಂಗಸೊಬ್ಬಳು ಅಳುವುದನ್ನು ಶಂಭುಲಿಂಗಪ್ಪನವರು ಮೊದಲ ಸಲ ನೋಡಿದರು ಅಂತ ಕಾಣುತ್ತದೆ, ನೀರು ತಂದುಕೊಟ್ಟರು.

ನಿಯಮದಂತೆ ಪುಸ್ತಕದ ಜೊತೆ ಚೀಟಿ ಇತ್ತು. ತುಂಬಿದೆ. ಇವರ ಹೆಸರನ್ನು ಬರೆದದ್ದು ಹುಟ್ಟಿದ ಮೇಲೆ ಇದೇ ಮೊದಲು. ಅತ್ತೆ ಹೇಳಿದ್ದು ಸುಳ್ಳು, ಕೈಗೆ ಏನೂ ಆಗಲಿಲ್ಲ. ಹೊಸ ಪುಸ್ತಕದ ಚೀಟಿ ಒಂದು ತಿಂಗಳು ಬೋರ್ಡಿನಲ್ಲಿರಬೇಕಲ್ಲವೇ, ಶಂಭುಲಿಂಗಪ್ಪನವರು ಓದಿ, ಒಂದು ಸಲ ನನ್ನ ಮುಖ ನೋಡಿ, ಪಿನ್ನು ಚುಚ್ಚಿದರು. ನೀನು ಬರುವ ಹೊತ್ತಿಗೆ ಇನ್ನೆಷ್ಟು ಜನ ಓದಿರುತ್ತಾರೋ. ನಿನಗಾಗಿ ಇಲ್ಲಿ ಇನ್ನೊಂದು ಸಲ ಬರೆಯುತ್ತೇನೆ.

ಪುಸ್ತಕ: ಓದುಗನ ಚೀಟಿಗಳು
ಬರೆದವರು: ಮಹಾದೇವಸ್ವಾಮಿ
ಕಾರ್ಡ್ ನಂಬರ್: ಇಲ್ಲ
ಅಭಿಪ್ರಾಯ: ಇದರ ಪ್ರತಿ ಸಾಲೂ ನನಗೆ ಬಾಯಿಪಾಠ. ಬರೆದವರಿಗೆ ಒಂದು ಸಾಲೂ ಬರುವುದಿಲ್ಲ. ಕೇಳಿ ನೋಡಿ.
ಓದಿದವರ ಹೆಸರು: ಚನ್ನಾಜಮ್ಮ

ಮನೆಗೆ ಬಂದು ಇವರಿಗೂ ಹೇಳಿದೆ. “ಎಲ್ರೂ ಓದ್ತಾರಲ್ಲಮ್ಮಿ” ಅಂದರು. ಓದಲಿ ಅಂತಲೇ ಬರೆದೆ ಅಂದೆ. ಎರಡು ದಿನದಿಂದ ಊಟಕ್ಕೆ ಕೂತಾಗ ಹೇಳಲು ಅವರಿಗೆ ಏನೂ ಇಲ್ಲ.

ನೀನು ಹಲಗೆಯ ಮೇಲೆ ನನಗಾಗಿ ತೆಗೆದಿಟ್ಟಿರುವ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸು. ಯಾರಾದರೂ ಓದಿಕೊಳ್ಳಲಿ. ನಿನಗೆ ಇನ್ನು ಕಾಗದ ಬರೆಯುವುದಿಲ್ಲ.

ಸೋಮವಾರ ನೀನು ಕೆಲಸಕ್ಕೆ ಬಂದಾಗ ಚೀಟಿ ಬೋರ್ಡಿನ ಮೇಲಿರುತ್ತದೆ. ಅಧ್ಯಕ್ಷರು ತೆಗಿ ಎನ್ನುತ್ತಾರೆ, ನೀನು ತೆಗೆಯುತ್ತೀಯ. ರಬ್ಬರು ಹುಡುಕಬೇಡ. ನಾನು ಪೆನ್ನಿನಲ್ಲಿ ಬರೆದಿದ್ದೇನೆ, ಹರಿದೇ ಹಾಕಬೇಕಾಗುತ್ತದೆ.

ಚನ್ನಾಜಮ್ಮ